ಸೋಮವಾರ ಹೂಡದ ಎಂಜಿನ್

ಹುಕ್ಕೇರಿಯ ಆ ಮಂಗಲ ಕಾರ್ಯಾಲಯದ ಮುಂದೆ ಹಾಯ್ದು ಹೋಗುವಾಗ ನಾನು ಇವತ್ತಿಗೂ ಮುಖ ಆಚೆ ತಿರುಗಿಸುತ್ತೇನೆ. ಬಸ್ಸಿನಲ್ಲಿದ್ದರೆ ಬೇಕೆಂದೇ ಆ ಕಡೆಯ ಸೀಟು ಬಿಟ್ಟು ಈ ಕಡೆ ಕೂಡುತ್ತೇನೆ. ಬಾಗಿಲ ಪಕ್ಕದಲ್ಲೇ ಒಂದು ಗಾಜಿನ ಕೋಣೆ, ಅದರೊಳಗೆ ಕೆನೆ ಬಣ್ಣದ ಹಳೆಯ ಅಮೇರಿಕನ್ ಕಾರು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮದುಮಕ್ಕಳು. ಆ ಕಾರನ್ನು ಮಣ್ಣಿನಿಂದ ಎತ್ತಿ ನಿಲ್ಲಿಸಿದವನು ನಾನು. ಹದಿನಾಲ್ಕು ತಿಂಗಳು ಅದರ ಬೆನ್ನು ಹತ್ತಿದ್ದೆ. ಈಗ ಅದರ ಬಾನೆಟ್ಟಿನ ಕೆಳಗೆ ಎಂಜಿನ್ನೇ ಇಲ್ಲ. ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಗೋಕಾಕದಲ್ಲಿ ನನ್ನದೊಂದು ಲೇತ್ ಮಶಿನ್ನಿನ ಅಂಗಡಿ. ಕಬ್ಬಿನ ಟ್ರೇಲರಿನ ಬುಶ್ಶು, ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಇದೇ ಹೊಟ್ಟೆಪಾಡು. ಹಳೆಯ ಅಮೇರಿಕನ್ ಗಾಡಿ ನನಗೆ ಅಂಟಿದ ಚಟ. ಮನೆಯಾಕೆ ಅದನ್ನು ಜೂಜಿಗಿಂತ ಕೆಟ್ಟದ್ದು ಅನ್ನುತ್ತಾಳೆ. ಜೂಜಾಡುವವರು ಕಡೇಪಕ್ಷ ಸ್ವಚ್ಛ ಅಂಗಿಯಲ್ಲಿ ಮನೆಗೆ ಬರುತ್ತಾರಂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತಲೂ ಅನ್ನುತ್ತಾಳೆ. ಅದು ಮಾತ್ರ ಖರೆ.

ನಮ್ಮ ಸೀಮೆಯ ದೊಡ್ಡ ಮನೆಗಳಲ್ಲಿ ಒಂದು ಕಾಲಕ್ಕೆ ಈ ಗಾಡಿಗಳಿದ್ದವು. ಉದ್ದ ಮೂತಿ, ಆರು ಸಿಲಿಂಡರು, ಪೆಟ್ರೋಲು ಕುಡಿಯುವುದರಲ್ಲಿ ರಾಕ್ಷಸರು. ಪೆಟ್ರೋಲು ತುಟ್ಟಿಯಾದಾಗ ಒಂದೊಂದಾಗಿ ನಿಂತವು. ನಿಂತ ಗಾಡಿಯನ್ನು ನಮ್ಮ ಜನ ಸುಮ್ಮನೆ ಬಿಡುವವರಲ್ಲ. ಅಚ್ಚು ಬಿಚ್ಚಿ ಎತ್ತಿನ ಬಂಡಿಗೆ ಹಾಕಿದರು, ಟೈರಿನ ಬಂಡಿಯಾಯಿತು. ಹಿಂದಿನ ಸೀಟು ಬಿಚ್ಚಿ ಪಡಸಾಲೆಯಲ್ಲಿಟ್ಟರು, ಬೀಗರು ಬಂದರೆ ಕೂಡಿಸಲು. ಎಂಜಿನ್ನನ್ನು ಬಾವಿಯ ಪಂಪಿಗೋ ಕಬ್ಬಿನ ಗಾಣಕ್ಕೋ ಹಚ್ಚಿದರು. ಹಾಗಾಗಿ ನಮ್ಮಲ್ಲಿ ಹಳೆಯ ಕಾರಿನ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ, ಹೊಲದಲ್ಲಿ ಸಿಗುತ್ತದೆ. ನಾನು ಒಂದು ಊರಿಗೆ ಹೋದರೆ ಮೊದಲು ಮಂದಿಯ ಮುಖ ನೋಡುವುದಿಲ್ಲ, ಬಂಡಿಗಳ ಕೆಳಗೆ ಬಗ್ಗಿ ನೋಡುತ್ತೇನೆ.

ಮೇಲವಂಕಿಯಲ್ಲಿ ಒಮ್ಮೆ ಹೀಗೆ ಒಂದು ಬಂಡಿಯ ಕೆಳಗೆ ಅಂಗಾತ ಮಲಗಿದ್ದೆ. ಬಂಡಿಯ ಯಜಮಾನ ಬಂದು ನನ್ನ ಕಾಲು ಹಿಡಿದು ಹೊರಗೆ ಎಳೆದ.

"ಏನ ಹುಡಕಾಕತ್ತೀರಿ ಅಲ್ಲಿ?"

"ನಂಬರ್ ನೋಡಾಕತ್ತೇನ್ರಿ."

"ಚಕ್ಕಡಿಗೆ ಎಲ್ಲಿ ನಂಬರ್ರಿ? ತಲಿ ನೆಟ್ಟಗ ಐತೊ ಇಲ್ಲೊ ನಿಮ್ಮದು?"

ಅಚ್ಚಿನ ಗ್ರೀಸು ಒರೆಸಿ ಅಮೇರಿಕದ ಕಾರ್ಖಾನೆಯ ಅಕ್ಷರಗಳನ್ನು ತೋರಿಸಿದೆ. ಅವನೂ ನನ್ನ ಬಾಜೂಕ್ಕೆ ಮಲಗಿ ಬಹಳ ಹೊತ್ತು ನೋಡಿದ. "ನಮ್ಮಜ್ಜ ಇಷ್ಟ ದಿನಾ ಅಮೇರಿಕಾದ ಮ್ಯಾಲ ಹೆಂಡಿ ಗೊಬ್ಬರಾ ಹೇರತಿದ್ದಾ ಅನ್ರಿ ಹಂಗಾರ," ಅಂದ. ನಗುನಗುತ್ತಲೇ ಅಚ್ಚು ಕೊಟ್ಟ, ಬದಲಿಗೆ ಬೇರೆ ಅಚ್ಚು ಹಾಕಿಸಿಕೊಂಡ.

ಈ ಅಚ್ಚು ಹುಡುಕುತ್ತಿದ್ದುದು ಹುಕ್ಕೇರಿಯ ಒಬ್ಬ ಗುತ್ತಿಗೆದಾರನ ಕಾರಿಗಾಗಿ; ಆ ಮಂಗಲ ಕಾರ್ಯಾಲಯದ ಮಾಲೀಕ ಅವನೇ. ಅವನ ಅಜ್ಜ ಕೊಂಡಿದ್ದ ಗಾಡಿ ಅದು. ದನದ ಕೊಟ್ಟಿಗೆಯಲ್ಲಿ ನಲವತ್ತು ವರ್ಷದ ಮೇಲೆ ಬಿದ್ದಿತ್ತು. ನಾನು ಮೊದಲ ಸಲ ನೋಡಲು ಹೋದಾಗ ಸ್ಟೇರಿಂಗಿನ ಕೆಳಗೆ ಕೋಳಿ ಕಾವು ಕೂತಿತ್ತು. ಗುತ್ತಿಗೆದಾರ ಬಿಳಿ ಅಂಗಿ ತೊಟ್ಟು, ಕೊಟ್ಟಿಗೆಯ ಬಾಗಿಲಿನ ಹೊರಗೇ ನಿಂತು ಮಾತಾಡಿದ.

"ಮಿಸ್ತ್ರಿ, ಎಲ್ಲಾ ಒರಿಜಿನಲ್ ಬೇಕ ನೋಡು. ಒಂದ ನಟ್ ಸೈತ ದೇಶಿ ಇರಬಾರದು."

ಆ ಮಾತು ನನಗೆ ಸಕ್ಕರೆಯಂತೆ ರುಚಿಸಿತು. ಯಾಕೆಂದರೆ ನನ್ನ ಹುಚ್ಚೂ ಅದೇ. ಈ ಕೆಲಸ ಮಾಡುವವರ ನಡುವೆ 'ಒರಿಜಿನಲ್' ಎಂಬುದು ದೇವರ ಹೆಸರಿದ್ದ ಹಾಗೆ. ಕಾರಿನ ಹಳೆಯ ಆರ್.ಸಿ. ಪುಸ್ತಕ ಅವನ ತಿಜೋರಿಯಲ್ಲಿತ್ತು. ಅದರಲ್ಲಿ ಎಂಜಿನ್ನಿನ ನಂಬರು ಬರೆದಿತ್ತು. ಗಾಡಿಯಲ್ಲಿ ಮಾತ್ರ ಎಂಜಿನ್ ಇರಲಿಲ್ಲ. ಅಜ್ಜ ಅದನ್ನು ಮೂಡಲಗಿ ಕಡೆ ಯಾರಿಗೋ ಮಾರಿದ್ದನಂತೆ, ಯಾರಿಗೆ ಎಂದು ಗೊತ್ತಿಲ್ಲ. ಅದೇ ಎಂಜಿನ್ ಹುಡುಕಿ ತರುತ್ತೇನೆ ಎಂದು ನಾನೇ ಎದೆ ತಟ್ಟಿಕೊಂಡು ಹೇಳಿದೆ.

ಮೂಡಲಗಿ ಸುತ್ತಲಿನ ಬೆಲ್ಲದ ಗಾಣಗಳನ್ನು ಒಂದು ಹಂಗಾಮಿನ ಪೂರ್ತಿ ಅಲೆದೆ. ಎಲ್ಲ ಕಡೆ ಡೀಸೆಲ್ ಎಂಜಿನ್ನು, ಇಲ್ಲ ಕರೆಂಟಿನ ಮೋಟಾರು. ಕೈಚೆಲ್ಲಿ ಕೂರಬೇಕು ಎನ್ನುವ ಹೊತ್ತಿಗೆ, ಒಂದು ಮಧ್ಯಾಹ್ನ, ಬೈಕಿನ ಚೈನು ಬಿಗಿ ಮಾಡಲು ಕಬ್ಬಿನ ಹೊಲದ ಬದಿಗೆ ನಿಂತಿದ್ದೆ. ಆಗ ಕಿವಿಗೆ ಬಿತ್ತು. ಡೀಸೆಲ್ ಎಂಜಿನ್ ಕುಟ್ಟುತ್ತದೆ. ಆರು ಸಿಲಿಂಡರಿನ ಹಳೆಯ ಎಂಜಿನ್ ಕುಟ್ಟುವುದಿಲ್ಲ, ಗುನುಗುತ್ತದೆ. ಚೈನು ಅಲ್ಲೇ ಬಿಟ್ಟು ಆ ಸಪ್ಪಳದ ಕಡೆಗೆ ನಡೆದೆ.

ಗಾಣದ ಒಡತಿ ಅರವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿ ನಾಲ್ಕು ವರ್ಷವಾಗಿತ್ತು. ಆಳುಗಳನ್ನು ಇಟ್ಟುಕೊಂಡು ತಾನೇ ನಿಂತು ಗಾಣ ನಡೆಸುತ್ತಿದ್ದರು. ತಗಡಿನ ಚಪ್ಪರದ ಕೆಳಗೆ, ಕಲ್ಲಿನ ಕಟ್ಟೆಯ ಮೇಲೆ ಎಂಜಿನ್. ಅದರ ಹಣೆಗೆ ಮೂರು ಬೆರಳಿನ ವಿಭೂತಿ. ತಂಪಿಗೆ ನೀರಿನ ಡ್ರಮ್ಮು, ಕುಡಿಯಲು ಸೀಮೆಎಣ್ಣೆ. ಅದರ ಮೈಮೇಲೆ ಏನೇನೋ ಹೇರಿದ್ದರು. ಕಾರ್ಬುರೇಟರಿನ ಪಕ್ಕದಲ್ಲಿ ಸೈಕಲ್ಲಿನ ಒಂದು ಹಬ್ಬು, ಅದಕ್ಕೆ ಎರಡು ತೋಳು, ತೋಳಿನ ತುದಿಗೆ ತಕ್ಕಡಿಯ ಎರಡು ಹಿತ್ತಾಳೆ ತೂಕದ ಕಲ್ಲು, ಸೈಕಲ್ ಸೀಟಿನ ಒಂದು ಸ್ಪ್ರಿಂಗು, ಅಲ್ಲಿಂದ ಕಾರ್ಬುರೇಟರಿಗೆ ಒಂದು ತಂತಿ. ಅದೆಲ್ಲ ಗರಗರ ತಿರುಗುತ್ತಿತ್ತು. ನಾನು ನೋಡಿ ಮನಸ್ಸಿನಲ್ಲೇ ಛೀ ಅಂದೆ. ಇಂಥ ಎಂಜಿನ್ನಿಗೆ ಎಂಥ ಗತಿ ತಂದಿದ್ದಾರೆ ಅನ್ನಿಸಿತು.

"ಅಕ್ಕಾರ, ಇದರ ನಂಬರ್ ಒಂದೀಟ ನೋಡಬೇಕಾಗಿತ್ರಿ."

"ಈಗ ದುಡ್ಯಾಕತ್ತೈತಿ. ಸೋಮವಾರ ಬಾ ತಮ್ಮಾ, ಸೋಮವಾರ ಹೂಡೂದಿಲ್ಲ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ, ಎತ್ತು ಅವತ್ತು ಮೈ ತೊಳೆಸಿಕೊಂಡು ಮೇಯುತ್ತ ಇರಬೇಕು. ಎಂಜಿನ್ನಿಗೂ ಸೋಮವಾರ ರಜೆ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಮೊದಲು ಆ ಗಾಣವನ್ನು ಎತ್ತುಗಳು ತಿರುಗಿಸುತ್ತಿದ್ದವು. ಅವುಗಳ ಜಾಗಕ್ಕೆ ಈ ಎಂಜಿನ್ ಬಂತು. ಜಾಗದ ಜೊತೆಗೆ ಎತ್ತಿನ ರಜೆಯೂ ಅದಕ್ಕೆ ಬಂತು. ಅವರ ಗಂಡ ಪ್ರತಿ ಸೋಮವಾರ ಅದರ ಮೈ ಒರೆಸಿ, ಎಣ್ಣೆ ನೋಡಿ, ವಾಲ್ವು ನೋಡಿ, ವಿಭೂತಿ ಹಚ್ಚುತ್ತಿದ್ದರಂತೆ. ಅವರು ಹೋದ ಮೇಲೆ ಆ ಕೆಲಸ ಇವರು ಮಾಡುತ್ತಿದ್ದರು. ಅಷ್ಟು ವರ್ಷ ದುಡಿದ ಎಂಜಿನ್ನಿನ ಕೆಳಗೆ ಒಂದು ಹನಿ ಎಣ್ಣೆಯ ಕಲೆ ಇರಲಿಲ್ಲ. ನಾನು ಅದನ್ನು ನೋಡಿದೆ, ಯಾಕೆ ಎಂದು ಕೇಳಲಿಲ್ಲ.

ಸೋಮವಾರ ಹೋಗಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ಒಂದೊಂದೇ ಅಂಕಿ ಎದ್ದು ಬಂತು. ಆರ್.ಸಿ. ಪುಸ್ತಕದ ನಂಬರೇ.

ಅಕ್ಕ ಮಾರುವುದಿಲ್ಲ ಎಂದರು. ನಾನು ಬಿಡಲಿಲ್ಲ. ಒಂದರ ಮೇಲೊಂದು ಐದು ಸೋಮವಾರ ಹೋದೆ. ಐದನೆಯ ಸಲ ಚಹಾ ಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಕೇಳಿದರು.

"ಗಾಡ್ಯಾಗ ಹಾಕಿದರ ಖರೇನ ಓಡತೈತೇನು?"

"ಓಡತೈತ್ರಿ. ಓಡಸಾಕ ಒಯ್ಯಾಕತ್ತೇನಿ."

"ನಮ್ಮನಿಯವರು ಯಾವಾಗ್ಲೂ ಅಂತಿದ್ದರು, ಇದು ದಾರಿ ಮ್ಯಾಲ ಓಡಾಕ ಹುಟ್ಟಿದ್ದು, ನಾವು ಗೂಟಕ್ಕ ಕಟ್ಟೇವಿ ಅಂತ. ಒಂದ ದಿನಾ ಓಡೂದ ನೋಡಬೇಕ ಅಂತಿದ್ದರು." ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡರು. "ರೊಕ್ಕ ಬ್ಯಾಡ ನನಗ. ಇದರ ಜಾಗಾಕ ಗಾಣ ನಡ್ಯೂವಂಥಾ ಇನ್ನೊಂದ ಎಂಜಿನ್ ಕುಂದರಸಿ ಕೊಡು. ಇದು ಓಡ್ತಿರಬೇಕು. ಸುಮ್ಮ ನಿಂದರಿಸಿದರ ಹೊಳ್ಳಿ ತಂದ ಇದ ಕಟ್ಟಿ ಮ್ಯಾಲ ಇಡಬೇಕು. ಮಾತ ಕೊಡು."

ಎಂಜಿನ್ನಿನ ಹಣೆಯ ವಿಭೂತಿಯ ಮೇಲೆ ಅಂಗೈ ಇಟ್ಟು ಮಾತು ಕೊಟ್ಟೆ. ಒಂದು ಒಳ್ಳೆಯ ಡೀಸೆಲ್ ಎಂಜಿನ್ ತಂದು ಗಾಣಕ್ಕೆ ಹೊಂದಿಸಿ, ಇದನ್ನು ಟೆಂಪೋದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಬಂದೆ. ದಾರಿಯುದ್ದಕ್ಕೂ ಮದುವಣಿಗನ ಹಾಗೆ ಬೀಗುತ್ತಿದ್ದೆ.

ಅಂಗಡಿಯಲ್ಲಿ ಮೊದಲು ಮಾಡಿದ ಕೆಲಸ, ಅದರ ಮೈಮೇಲಿದ್ದ ದೇಶಿ ಸಾಮಾನೆಲ್ಲ ಕಿತ್ತದ್ದು. ಹಬ್ಬು, ಹಿತ್ತಾಳೆ ಕಲ್ಲು, ಸ್ಪ್ರಿಂಗು, ತಂತಿ, ಸೀಮೆಎಣ್ಣೆಯ ಕೊಳವೆ. ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಸೀಲಿನ ಜಾಗಕ್ಕೆ ಎತ್ತಿನ ನೊಗ ಕಟ್ಟುವ ಮಿಣಿಯ ಚರ್ಮವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಕೂರಿಸಿದ್ದರು, ಅದನ್ನೂ ಕಿತ್ತೆ. ಎಲ್ಲವನ್ನೂ ಮೂಲೆಯ ಬುಟ್ಟಿಗೆ ಹಾಕಿದೆ. ಬುಟ್ಟಿ ತುಂಬಿದಾಗ ಗುಜರಿಯವನಿಗೆ ಕೊಟ್ಟೆ. ಆಮೇಲೆ ಶುರುವಾಯಿತು ನನ್ನ ತೀರ್ಥಯಾತ್ರೆ. ಆ ಮಾಡೆಲ್ಲಿನ ಕಾರ್ಬುರೇಟರಿಗೆ ಕೊಲ್ಲಾಪುರದ ಹಳೇ ಸಾಮಾನಿನ ಬಜಾರಿಗೆ ಮೂರು ಸಲ ಎಡತಾಕಿದೆ. ಕಾರ್ಖಾನೆಯಲ್ಲಿ ಹಾಕುತ್ತಿದ್ದಂಥ ಹಗ್ಗದ ಸೀಲು ಬೇಕೆಂದು ಮುಂಬಯಿಯವರೆಗೆ ಪತ್ತೆ ಹಚ್ಚಿದೆ. ವಾಲ್ವಿನ ಗೈಡುಗಳನ್ನು ಹಳೆಯ ಅಳತೆಗೆ ನಾನೇ ಲೇತಿನ ಮೇಲೆ ಕಡೆದೆ. ಒಂದು ಬೋಲ್ಟಿನ ತಲೆಯ ಮೇಲಿನ ಗುರುತು ಬೇರೆ ಕಂಪನಿಯದು ಎಂದು ತಿಳಿದು ಅದನ್ನೂ ಬದಲಿಸಿದೆ. ಅಷ್ಟರಮಟ್ಟಿಗಿನ ಒರಿಜಿನಲ್.

ದೀಪಾವಳಿ ಪಾಡ್ಯದ ದಿನ ಹುಕ್ಕೇರಿಯಲ್ಲಿ ಗಾಡಿ ಹೊರಗೆ ಬಂತು. ನಾನು ಹೇಳಿಕಳಿಸಿದ್ದೆ, ಅಕ್ಕ ಮೂಡಲಗಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಒಂದು ತೆಂಗಿನಕಾಯಿ. ಗಾಡಿಯ ಮುಂದೆ ಒಡೆಯಲು ಬಗ್ಗಿದರೆ ಗುತ್ತಿಗೆದಾರ ಕಾರಿನ ಒಳಗಿಂದಲೇ ಕೈ ಬೀಸಿದ.

"ಏ, ಪೇಂಟಿಗೆ ಸಿಡೀತೈತಿ. ಅತ್ತಾಗ ಹೋಗಿ ಒಡೀರಿ."

ಅಕ್ಕ ರಸ್ತೆಯ ಆಚೆ ಹೋಗಿ ಒಡೆದರು. ಆಗಲೇ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾನು ನನ್ನ ಕೆಲಸದ ಅಂದ ನೋಡುತ್ತಿದ್ದೆ. ಗಾಡಿ ಹೊರಟಿತು, ಮಂದಿ ಮೊಬೈಲು ಎತ್ತಿದರು. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಸಪ್ಪಳ ಬ್ಯಾರೆ ಆಗೇತಿ ತಮ್ಮಾ."

"ಇದ ಒರಿಜಿನಲ್ ಸಪ್ಪಳರಿ ಅಕ್ಕಾರ. ಕಾರ್ಖಾನ್ಯಾಗ ಹುಟ್ಟಿದಾಗಿನ ಸಪ್ಪಳ," ಎಂದು ನಕ್ಕೆ. ಎಂಥ ಮೂರ್ಖ ನಗು ಅದು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎಂಟು ತಿಂಗಳು ಕಳೆದವು. ಮಳೆ ಶುರುವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೆ ಕೂಡಲಿಲ್ಲ, ಚಹಾ ತರಿಸಿದರೆ ಮುಟ್ಟಲಿಲ್ಲ.

"ನಿನ್ನೆ ಹುಕ್ಕೇರಿಗೆ ನಮ್ಮ ಬೀಗರ ಮದುವಿಗೆ ಹೋಗಿದ್ದೆ, ಅದ ಕಾರ್ಯಾಲಯದಾಗ. ಊಟಾ ಮಾಡಿ ಹಿತ್ತಲಕ ಕೈ ತೊಳ್ಯಾಕ ಹೋದೆ. ನೀರ ಹರದ ಹೋಗೂ ಕಡೆ ಬಿದ್ದೈತಿ ಅದು. ಅಡ್ಡ ಬಿದ್ದೈತಿ. ಮಂದಿ ಅದರ ಮ್ಯಾಲ ಎಂಜಲ ಎಲಿ ಒಗ್ಯಾಕತ್ತಾರ."

"ಯಾವುದ್ರಿ ಅಕ್ಕಾರ?" ಎಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

"ನನ್ನ ಎತ್ತು," ಅಂದರು. "ಹೊಳ್ಳಿ ತಂದ ಇಡ್ತೇನಿ ಅಂದಿದ್ದಿ." ಇಷ್ಟು ಹೇಳಿ ಬಸ್ ನಿಲ್ದಾಣದ ಕಡೆ ಹೊರಟೇ ಹೋದರು.

ತಲೆ ಕೆಟ್ಟು ಹೋಯಿತು. ಅಂಗಡಿ ಅರ್ಧ ತೆರೆದಂತೆಯೇ ಬಿಟ್ಟು ಮಳೆಯಲ್ಲಿ ಬೈಕು ಹೊಡೆದುಕೊಂಡು ಹುಕ್ಕೇರಿಗೆ ಹೋದೆ. ಮೊದಲು ಹಿತ್ತಲಿಗೆ ಹೋಗಿ ನೋಡಿದೆ. ಅವರು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಸ್ಪಾರ್ಕ್ ಪ್ಲಗ್ಗುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು, ಆ ಆರೂ ತೂತುಗಳಲ್ಲಿ ಮಳೆನೀರು, ಅದರಲ್ಲಿ ಅನ್ನದ ಅಗುಳು ತೇಲುತ್ತಿತ್ತು. ಒಂದೊಂದು ತಂತಿಯ ಬಣ್ಣಕ್ಕೂ ನಿದ್ದೆಗೆಟ್ಟವನು ನಾನು. ಗುತ್ತಿಗೆದಾರನ ಆಫೀಸಿಗೆ ಒದ್ದೆ ಬಟ್ಟೆಯಲ್ಲೇ ನುಗ್ಗಿದೆ.

"ಯಾಕ ತಗದ್ರಿ ಎಂಜಿನ್?"

ಅವನು ತಲೆ ಎತ್ತಿ ನಕ್ಕ. "ಮಿಸ್ತ್ರಿ, ಎಣ್ಣಿ ಸೋರತಿತ್ತೋ ಮಾರಾಯಾ. ಗಾಜಿನ ಕೋಣ್ಯಾಗ ಗ್ರಾನೈಟಿನ ಮ್ಯಾಲ ಕಲಿ ಬಿದ್ದು ಹೋಗಾಕ ವಲ್ಲದು. ಮದುವಿ ಮನ್ಯಾಗ ಎಣ್ಣಿ ವಾಸನಿ ಬರತೈತಿ ಅಂತ ಮಂದಿ ಅನ್ನಾಕತ್ತರು. ಅದಕ್ಕ ಎತ್ತಿ ಹಿಂದಕ ಇಡಸ್ನಿ."

"ನೀವ ಹೇಳಿದ್ರಿ ಒರಿಜಿನಲ್ ಬೇಕಂತ. ಒಂದ ನಂಬರಿಗೆ ಮೂಡಲಗಿ ಎಲ್ಲಾ ತಿರಗಿಸಿದ್ರಿ ನನ್ನ."

"ಹೊರಗ ಒರಿಜಿನಲ್ ಐತಲ್ಲ. ಒಳಗ ಯಾರ ಬಗ್ಗಿ ನೋಡತಾರ? ನಿನಗ ಬೇಕಾದರ ಒಯ್ಯಿ ಆ ಕಬ್ಬಣಾ."

ಕಬ್ಬಿಣ ಅಂದ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅದನ್ನು ಇಲ್ಲಿ ಬರೆಯಲಾರೆ, ಮನೆಯಾಕೆ ಓದುತ್ತಾಳೆ. ನಾಲ್ಕು ಮಂದಿ ಆಳುಗಳನ್ನು ಕರೆತಂದು ಎಂಜಿನ್ನನ್ನೂ ನನ್ನ ಬೈಕನ್ನೂ ಎತ್ತಿ ಒಂದು ಬಾಡಿಗೆ ಟೆಂಪೋದಲ್ಲಿ ಹಾಕಿಸಿದೆ. ಹೊರಡುವಾಗ ಗಾಜಿನ ಕೋಣೆಯ ಮುಂದೆ ಟೆಂಪೋ ನಿಲ್ಲಿಸಿ, ಒಳಗಿನ ಕಾರಿಗೆ ಕೇಳಿಸುವ ಹಾಗೆ ಇನ್ನೊಮ್ಮೆ ಬೈದೆ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಬೈಯುತ್ತಲೇ ಇದ್ದೆ. ದುಡ್ಡಿದ್ದವರಿಗೆ ವಸ್ತು ಬೇಕಿಲ್ಲ, ಅದರ ಸಿಪ್ಪೆ ಬೇಕು ಅಂದೆ. ದುಡಿಯುತ್ತಿದ್ದ ಜೀವವನ್ನು ಕೊಂದ ಅಂದೆ. ಟೆಂಪೋದ ಚಾಲಕ ಹೌದ್ರಿ, ಹೌದ್ರಿ ಎನ್ನುತ್ತಿದ್ದ. ಖರೆ ಹೇಳುತ್ತೇನೆ, ಆ ಸಿಟ್ಟಿನಲ್ಲಿ ಒಂದು ಸುಖವಿತ್ತು. ನ್ಯಾಯ ನನ್ನ ಕಡೆ ಇತ್ತು.

ಗಾಣದ ಚಪ್ಪರದಲ್ಲೇ ಅದನ್ನು ಪೂರ್ತಿ ಬಿಚ್ಚಿದೆ. ಎರಡು ಪಿಸ್ಟನ್ನು ಹಿಡಿದುಹೋಗಿದ್ದವು. ವಾರಕ್ಕೆರಡು ಸಲ ಗೋಕಾಕದಿಂದ ಹೋಗಿ ಬಂದು, ಮಹಾನವಮಿಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಹೊತ್ತಿಗೆ ಮತ್ತೆ ಜೋಡಿಸಿ ಕಟ್ಟೆಯ ಮೇಲೆ ಕೂರಿಸಿದೆ. ನಾನು ಕೊಟ್ಟಿದ್ದ ಡೀಸೆಲ್ ಎಂಜಿನ್ನನ್ನು ಅಕ್ಕ ಆಗಲೇ ಬಿಚ್ಚಿಸಿ, ಒರೆಸಿಸಿ, ಗೋಣಿತಾಟು ಹೊಚ್ಚಿ ಪಕ್ಕಕ್ಕೆ ಇಡಿಸಿದ್ದರು.

"ಅದೂ ಇರಲ್ರಿ ಅಕ್ಕಾರ," ಎಂದೆ.

"ಬ್ಯಾಡ. ನೀ ಮಾತಿನಂಗ ನಂದು ಹೊಳ್ಳಿ ತಂದಿ. ನಾನೂ ನಿಂದು ನಿನಗ ಹೊಳ್ಳಿ ಕೊಡಬೇಕು."

ಖಂಡೆ ಪೂಜೆಯ ದಿನ ಅವರು ಎಂಜಿನ್ನಿಗೆ ವಿಭೂತಿ ಹಚ್ಚಿದರು. ಅದರ ಬೆನ್ನ ಮೇಲೆ ಕೈಯಾಡಿಸಿ, "ಭಾಳ ಸೋಮವಾರ ಆದವು ನಿನಗ. ಸಾಕು, ಏಳಿನ್ನ," ಅಂದರು. ನಾನು ಹ್ಯಾಂಡಲು ತಿರುಗಿಸಿದೆ. ಮೂರನೆಯ ಸುತ್ತಿಗೆ ಎದ್ದಿತು. ಆಳುಗಳೆಲ್ಲ ನಕ್ಕರು.

ಬೆಲ್ಟಿನ ಪಟ್ಟ ಏರಿಸಿ ಗಾಣಕ್ಕೆ ಎರಡು ಕಬ್ಬು ಕೊಟ್ಟರು. ಎಂಜಿನ್ ಗಪ್ಪನೆ ಕುಸಿಯಿತು, ನಿಲ್ಲುವ ಹಾಗಾಯಿತು. ನಾನು ಓಡಿ ಹೋಗಿ ತಂತಿ ಎಳೆದು ಪೆಟ್ರೋಲು ಹೆಚ್ಚಿಸಿದೆ. ಅಷ್ಟರಲ್ಲಿ ಕಬ್ಬು ಹಾಯ್ದು ಹೋಯಿತು. ಭಾರ ತಪ್ಪಿದ್ದೇ ಎಂಜಿನ್ ಹುಚ್ಚು ಹಿಡಿದಂತೆ ಓಡಿತು, ಚಪ್ಪರದ ತಗಡು ನಡುಗಿತು, ಪಟ್ಟ ಹಾರಿ ಒಬ್ಬ ಆಳಿನ ಕಿವಿಯ ಪಕ್ಕದಿಂದ ಹೋಗಿ ಬಿತ್ತು. ನಾನು ಬಂದ್ ಮಾಡಿದೆ. ಕಾರಿನಲ್ಲಿ ಕಾಲು ಪೆಡಲಿನ ಮೇಲೆ ಇರುತ್ತದೆ, ಏರು ಬಂದರೆ ಒತ್ತುತ್ತೇವೆ, ಇಳಿಜಾರಿಗೆ ಬಿಡುತ್ತೇವೆ. ಗಾಣದಲ್ಲಿ ಆ ಕಾಲು ಯಾರದು? ಅಲ್ಲಿಯವರೆಗೂ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ.

ಅಕ್ಕ ಎಂಜಿನ್ನಿನ ಪಕ್ಕಕ್ಕೆ ಬಂದು, ಬಗ್ಗಿ, ಕಾರ್ಬುರೇಟರಿನ ಬಾಜೂ ಕೈಯಿಂದ ತಡವಿದರು. ಹಬ್ಬು ಇದ್ದ ಜಾಗ.

"ಅವರ ಮಾಡಿದ್ದ ಎಲ್ಲೈತಿ?"

ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

"ಗುಂಡು ತಿರಗತಿದ್ದವಲ್ಲ ತಮ್ಮಾ, ಹಿತ್ತಾಳಿವು. ಎಲ್ಲಿಟ್ಟಿ?"

"ಒಗದ್ನಿರಿ," ಎಂದೆ. "ಗುಜರಿಗೆ ಹಾಕಿದ್ನಿ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು.

"ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದಾಗ ಇದೂ ಆಗಷ್ಟ ಬಂದಿತ್ತು. ಯಾರರ ತಂತಿ ಹಿಡದ ನಿಂದರಬೇಕಾಗಿತ್ತು. ಕಬ್ಬ ಬಂದಾಗ ಎಳ್ಯೂದು, ಹೋದಾಗ ಬಿಡೂದು. ಆಳ ಮಂದಿಗೆ ತಿಳೀಲಿಲ್ಲ, ನನಗ ತಿಳೀತು. ಎರಡ ಹಂಗಾಮ ನಾನ ನಿಂತೆ, ಮುಂಜಾನಿಂದ ಸಂಜೀತನಾ. ಎರಡನೇ ಹಂಗಾಮಿಗೆ ಬಸರಿದ್ದೆ, ಆದರೂ ನಿಂತೆ. ಕೂಸ ಉಳೀಲಿಲ್ಲ. ಆಮ್ಯಾಲ ಅವರು ಮಾತ ಬಿಟ್ಟು ಕುಂತು ಅದನ್ನ ಮಾಡಿದರು. ಮಳಿಗಾಲ ಪೂರ್ತಿ ಮಾಡಿದರು. ಮುಂದಿನ ಹಂಗಾಮಿನಾಗ, ನೀ ಇನ್ನ ಕುಂದರು ಅಂದರು ನನಗ."

ಗಾಣದ ಆಳುಗಳು ತಲೆ ತಗ್ಗಿಸಿ ಆಚೆ ಹೋದರು. ನನಗೆ ಹೋಗಲು ಜಾಗವಿರಲಿಲ್ಲ. ಹುಕ್ಕೇರಿಯಿಂದ ಹೊತ್ತು ತಂದಿದ್ದ ಅಷ್ಟೂ ಸಿಟ್ಟು ಕೈಯಲ್ಲಿ ಹಾಗೇ ಉಳಿಯಿತು, ಇಡಲು ನನ್ನ ತಲೆ ಬಿಟ್ಟು ಬೇರೆ ಜಾಗ ಸಿಗಲಿಲ್ಲ. ಅವನು ಎಂಜಿನ್ನನ್ನು ಮಳೆಗೆ ಎಸೆದ, ಅದನ್ನು ತೊಳೆದು ಎಬ್ಬಿಸಿದೆ. ನಾನು ಎಸೆದದ್ದನ್ನು ಯಾರು ಎಬ್ಬಿಸುತ್ತಾರೆ? ಗ್ರಾನೈಟಿನ ಮೇಲೆ ಎಣ್ಣೆ ಯಾಕೆ ಸೋರಿತು ಎಂಬುದೂ ಆಗಲೇ ಹೊಳೆಯಿತು. ಕಾರ್ಖಾನೆಯ ಹಗ್ಗದ ಸೀಲು ಹುಟ್ಟಿದ ದಿನದಿಂದ ಸೋರುವಂಥದ್ದು. ಆ ಮನುಷ್ಯ ಮಿಣಿಯ ಚರ್ಮ ಹಾಕಿ ಅದನ್ನು ನಿಲ್ಲಿಸಿದ್ದರು. ನಾನು ಚರ್ಮ ಕಿತ್ತು, ಮುಂಬಯಿಯಿಂದ ಸೋರುವ ಸೀಲು ತರಿಸಿ ಹಾಕಿದ್ದೆ. ಕಾರಿನಿಂದ ಎಂಜಿನ್ನನ್ನು ಹೊರಗೆ ಹಾಕಿಸಿದವನೂ ಒಂದು ಲೆಕ್ಕಕ್ಕೆ ನಾನೇ.

ಅವತ್ತೇ ಗೋಕಾಕಕ್ಕೆ ವಾಪಸು ಬಂದು ಗುಜರಿಯವನ ಅಂಗಳ ಜಾಲಾಡಿದೆ. ಅವನು ಬೀಡಿ ಸೇದುತ್ತ ಕೂತು ನೋಡಿದ.

"ಯಾವಾಗ ಹಾಕಿದ್ರಿ?"

"ಎರಡ ವರ್ಷ ಆಗಾಕ ಬಂತು."

"ಎರಡ ವರ್ಷರಿ? ಎಂದೋ ಕರಗಿ ನಲ್ಲಿ ಆಗಿರತೈತಿ ನಿಮ್ಮ ಹಿತ್ತಾಳಿ. ಅಂಥಾದ್ದೇನ ಸಾಮಾನದು?"

ಅಂಥಾದ್ದೇನು ಎಂದು ಹೇಗೆ ಹೇಳಲಿ? ಅಮೇರಿಕದ ಆ ಕಾರ್ಖಾನೆಯವರು ಅಂಥ ಕಾರ್ಬುರೇಟರು ಲಕ್ಷಗಟ್ಟಲೆ ಮಾಡಿರಬೇಕು. ಹುಡುಕಿದರೆ ಇನ್ನೂ ಸಿಗುತ್ತದೆ, ನಾನೇ ಹುಡುಕಿದ್ದೇನೆ. ಈ ಎರಡು ಹಿತ್ತಾಳೆ ಕಲ್ಲಿನ ಸಾಮಾನು ಜಗತ್ತಿನಲ್ಲಿ ಒಂದೇ ಒಂದಿತ್ತು. ಅದನ್ನು ನಾನು ಈ ಕೈಯಿಂದ ಬುಟ್ಟಿಗೆ ಒಗೆದೆ. ಒರಿಜಿನಲ್ಲಿಗೆ ಊರೂರು ಅಲೆದವನ ಮುಂದೆ ಅದು ಗರಗರ ತಿರುಗುತ್ತಿತ್ತು, ನಾನು ಛೀ ಅಂದಿದ್ದೆ.

ಮಾಡಲು ಕೂತೆ. ಎಂಜಿನ್ನಿನ ವೇಗವನ್ನು ತಾನೇ ಹಿಡಿದು ಬಿಡುವ ಇಂಥ ಸಾಮಾನಿಗೆ ನಮ್ಮ ಕಸುಬಿನಲ್ಲಿ ಗವರ್ನರು ಅನ್ನುತ್ತಾರೆ. ಮೊದಲನೆಯದು ತೋಳು ಭಾರವಾಗಿ ಕೆಲಸಕ್ಕೆ ಬರಲಿಲ್ಲ. ಎರಡನೆಯದನ್ನು ಹಚ್ಚಿದಾಗ ಎಂಜಿನ್ ಏರಿ ಇಳಿದು, ಏರಿ ಇಳಿದು, ದಮ್ಮು ಹತ್ತಿದವರ ಹಾಗೆ ಉಸಿರಾಡಿತು. ಎಷ್ಟು ತೂಕದ ಕ‌ಲ್ಲು, ಎಷ್ಟು ಉದ್ದದ ತೋಳು, ಸ್ಪ್ರಿಂಗಿಗೆ ಎಷ್ಟು ಬಿಗಿ, ಬರೆದಿಟ್ಟವರಿಲ್ಲ. ಅಕ್ಕನಿಗೆ ಸಪ್ಪಳ ಮಾತ್ರ ನೆನಪಿತ್ತು. ನನಗೆ ಅದೂ ಇರಲಿಲ್ಲ, ನಂಬರು ಮಾತ್ರ ನೆನಪಿತ್ತು.

ಅಷ್ಟರಲ್ಲಿ ಹಂಗಾಮು ಬಂತು. ಕಡಿದ ಕಬ್ಬು ಗಾಣದ ಮುಂದೆ ಬಂದು ಬಿತ್ತು. ಕಡಿದ ಕಬ್ಬು ಕಾಯುವುದಿಲ್ಲ, ಎರಡು ದಿನದಲ್ಲಿ ರಸ ಹುಳಿಯಾಗುತ್ತದೆ. ಈ ಒಂದು ಹಂಗಾಮು ಡೀಸೆಲ್ ಎಂಜಿನ್ನಿನ ಮೇಲೆ ನಡೆಸಿರಿ ಎಂದು ಕೈ ಮುಗಿದು ಕೇಳಿದೆ. ಅಕ್ಕ ಗೋಣಿತಾಟಿನ ಕಡೆ ನೋಡಲೂ ಇಲ್ಲ. ಎಂಜಿನ್ ಎಬ್ಬಿಸು ಅಂದರು, ಎಬ್ಬಿಸಿದೆ. ಆಳು ಕಬ್ಬು ಎತ್ತಿಕೊಂಡ. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿ, ಕಟ್ಟೆಯ ಪಕ್ಕದಲ್ಲಿ ನಿಂತು, ತಂತಿಯನ್ನು ಬೆರಳಿಗೆ ಸುತ್ತಿಕೊಂಡರು.

"ತರ್ರಿ ಅಕ್ಕಾರ, ನಾ ಹಿಡೀತೇನಿ," ಎಂದೆ. "ನೀವು ಕುಂದರ್ರಿ. ಹಂಗಾಮ ಪೂರ್ತಿ ನಾನ ನಿಂದರತೇನಿ."

ಅವರು ನನ್ನ ಕಡೆ ತಿರುಗಲಿಲ್ಲ. ಕಿವಿ ಎಂಜಿನ್ನಿನ ಮೇಲಿತ್ತು. ಕಬ್ಬು ಗಾಣದ ಬಾಯಿಗೆ ಬೀಳುವುದಕ್ಕಿಂತ ಒಂದು ಚಣ ಮೊದಲೇ ತಂತಿ ಎಳೆದರು. ಎಂಜಿನ್ ಕುಸಿಯಲಿಲ್ಲ. ಕಬ್ಬು ಮುಗಿಯುವ ಮೊದಲೇ ಬಿಟ್ಟರು. ಎಂಜಿನ್ ಓಡಲಿಲ್ಲ. ಅದೇ ಗುನುಗು, ನಾನು ಹೊಲದ ಬದಿಯಲ್ಲಿ ಮೊದಲ ದಿನ ಕೇಳಿದ್ದು.

"ನಿನಗ ಕಬ್ಬಿನ ಸಪ್ಪಳ ಗೊತ್ತಿಲ್ಲ," ಅಂದರು. "ನೀ ಹೋಗಿ ಅದನ್ನ ಮಾಡು."

ಮೂರನೆಯದನ್ನು ಮಾಡುತ್ತಿದ್ದೇನೆ. ಸೋಮವಾರ ಸೋಮವಾರ ಹೋಗಿ ಹಚ್ಚಿ ನೋಡುತ್ತೇನೆ. ಉಳಿದ ಆರು ದಿನ ಅವರು ನಿಂತಿರುತ್ತಾರೆ.